ಕಂಪನಿ ಬಿಡದ ಹಾಡು ಯಾರ ಸೊತ್ತು?

(ವಿಜಯಪುರ ನಗರದಲ್ಲಿ ನಡೆದ ಯುವಕರ ಸಭೆಯೊಂದರಲ್ಲಿ ಆಡಿದ ಮಾತುಗಳ ಪೂರ್ಣ ಪಾಠ)



ಈ ಸಭೆ ಕರೆದವರು ನನ್ನನ್ನು 'ಅಪರೂಪದ ಹಾಡುಗಳ ಸಂಗ್ರಾಹಕರು' ಎಂದು ಪರಿಚಯಿಸಿದರು. ನಿಮ್ಮಿಂದ ಚಪ್ಪಾಳೆಯನ್ನೂ ಹಾಕಿಸಿದರು. ಆ ಚಪ್ಪಾಳೆಯನ್ನು ನಾನು ವಾಪಸ್ ಕೊಡುತ್ತೇನೆ. ಯಾಕೆಂದರೆ ಸಂಗ್ರಾಹಕ ಆಗುವ ಮೊದಲು ನಾನು ಒಬ್ಬ ಹಾಡುಗಾರನ ದನಿಯನ್ನು ಕೈಯಾರೆ ಅಳಿಸಿದವನು. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಆಮೇಲೆ ಬೇಕಿದ್ದರೆ ಚಪ್ಪಾಳೆ ತಟ್ಟಿ, ಬೇಕಿದ್ದರೆ ಬೈಯಿರಿ.

1993ರ ಶ್ರಾವಣ. ನಾನಾಗ ಪಿಯುಸಿ ಓದುವ ಹುಡುಗ. ಟಿಕೋಟಾ ಹತ್ತಿರದ ಒಂದು ಹಳ್ಳಿಯಲ್ಲಿ ಇಡೀ ರಾತ್ರಿ ಭಜನೆ. ಅಲ್ಲಿ ಒಬ್ಬ ಹಿರಿಯರು ಏಕತಾರಿ ಹಿಡಿದು ತತ್ವಪದ ಹಾಡಿದರು. ಹಳೆಯವರ ಪದಗಳ ನಡುವೆ ತಾವೇ ಕಟ್ಟಿದ ಪದಗಳನ್ನೂ ಹಾಡಿದರು. ಅವರು ಕೂಲಿ ಮಾಡಿ ಉಣ್ಣುವವರು. ಯಾವ ಕ್ಯಾಸೆಟ್ ಕಂಪನಿಯೂ ಅವರನ್ನು ಕರೆದಿರಲಿಲ್ಲ, ಅವರೂ ಯಾರ ಬಾಗಿಲಿಗೂ ಹೋದವರಲ್ಲ. ನಾನು ಗೆಳೆಯನಿಂದ ಕಡ ತಂದ ಟೇಪ್ ರೆಕಾರ್ಡರನ್ನು ಜಮಖಾನದ ಅಂಚಿಗೆ ಇಟ್ಟು ಗುಂಡಿ ಒತ್ತಿದೆ. ಕೇಳಲಿಲ್ಲ, ಹೇಳಲಿಲ್ಲ. ಒಂದು ಸಿ-90 ಕ್ಯಾಸೆಟ್ಟು, ಒಂದು ಬದಿಗೆ 45 ನಿಮಿಷ, ಎರಡೂ ಬದಿ ತುಂಬಿತು.

ಎರಡು ವರ್ಷ ಅದು ಮನೆಯಲ್ಲಿತ್ತು. 1995ರಲ್ಲಿ ಹೊಸ ಸಿನಿಮಾ ಹಾಡು ಬೇಕೆನಿಸಿತು. ಹೊಸ ಕ್ಯಾಸೆಟ್ಟಿಗೆ ಜೇಬಲ್ಲಿ ದುಡ್ಡಿಲ್ಲ. ಆಗಿನ ಪದ್ಧತಿ ನಿಮ್ಮ ಅಪ್ಪಂದಿರಿಗೆ ಗೊತ್ತು: ಬೇಕಾದ ಹಾಡುಗಳ ಪಟ್ಟಿ ಬರೆದು, ಮನೆಯ ಹಳೆ ಕ್ಯಾಸೆಟ್ಟನ್ನು ಅಂಗಡಿಗೆ ಕೊಟ್ಟರೆ ಸಂಜೆಗೆ ಹಾಡು ತುಂಬಿಸಿ ಕೊಡುತ್ತಿದ್ದರು. ನಾನೂ ಕೊಟ್ಟೆ. ಅದೇ ಕ್ಯಾಸೆಟ್ಟು. ಸಂಜೆಗೆ ತಂದು ಹಾಕಿ ಕುಣಿದೆ.

ಆ ಹಿರಿಯರು 2003ರಲ್ಲಿ ತೀರಿಕೊಂಡರು. ಮೂರು ವರ್ಷದ ಮೇಲೆ ಅವರ ಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. 'ಅಣ್ಣಾರ, ನಮ್ಮಪ್ಪ ಹಾಡಿದ್ದು ನಿಮ್ಮ ಹತ್ರ ಐತಂತ ಊರಾಗ ಹೇಳಿದ್ರು. ಒಮ್ಮೆ ಕೇಳಸ್ರಿ. ನನ್ನ ಮಗಳಿಗಿ ಅಜ್ಜನ ದನಿ ಹೆಂಗಿತ್ತು ಅಂತ ಗೊತ್ತಿಲ್ಲ' ಅಂದಳು.

ನಾನೇನು ಹೇಳಿದೆ? 'ಐತವ್ವಾ, ಹುಡುಕಿ ಇಡತೀನಿ' ಅಂದೆ. ಸುಳ್ಳು ಹೇಳಿದೆ. ಅಳಿಸಿದ್ದೇನೆ ಅಂತ ಹೇಳುವ ಧೈರ್ಯ ನನಗೆ ಬರಲಿಲ್ಲ. ಟೇಪ್ ರೆಕಾರ್ಡರಿನಲ್ಲಿ ಬರೆಯುವ ಹೆಡ್ಡಿಗಿಂತ ಮುಂಚೆ ಅಳಿಸುವ ಹೆಡ್ಡು ಇರುತ್ತದೆ. ಹಳೆಯದನ್ನು ಪೂರ್ತಿ ಒರೆಸಿದ ಮೇಲೇ ಹೊಸದು ಬೀಳುತ್ತದೆ. ಹೊಸ ಹಾಡಿನ ಕೆಳಗೆ ಹಳೆಯದು ಎಲ್ಲೋ ಉಳಿದಿರಬಹುದು ಎಂಬ ಆಸೆಗೂ ಅಲ್ಲಿ ಜಾಗವಿಲ್ಲ. ಅಂದಿನಿಂದ ನಾನು ಹುಡುಕುವ ಕೆಲಸಕ್ಕೆ ಬಿದ್ದೆ. ನನ್ನ ಸಂಗ್ರಹ ಶುರುವಾದದ್ದು ಹೀಗೆ. ಇದರಲ್ಲಿ ಅಭಿಮಾನಪಡುವಂಥದ್ದು ಏನೂ ಇಲ್ಲ.

ಕದ್ದ ಟೇಪು, ನಕಲಿ ಟೇಪು

ಇಂಗ್ಲಿಷಿನವರು ಇಂಥ ಧ್ವನಿಮುದ್ರಣಕ್ಕೆ ಬೂಟ್‌ಲೆಗ್ ಅನ್ನುತ್ತಾರೆ. ಕಾಲಿನ ಬೂಟಿನೊಳಗೆ ಸಾರಾಯಿ ಬಾಟಲಿ ಅಡಗಿಸಿ ಸಾಗಿಸುತ್ತಿದ್ದವರಿಂದ ಬಂದ ಮಾತದು. ನಮ್ಮಲ್ಲಿ ಅದನ್ನೂ ನಕಲಿ ಕ್ಯಾಸೆಟ್ಟನ್ನೂ ಒಂದೇ ಎಂದು ತಿಳಿಯುತ್ತಾರೆ. ಎರಡೂ ಬೇರೆ. ಕಂಪನಿ ಬಿಟ್ಟ ಕ್ಯಾಸೆಟ್ಟನ್ನು ಪ್ರತಿ ಮಾಡಿ ಸಂತೆಯಲ್ಲಿ ಮಾರಿದರೆ ಅದು ನಕಲಿ. ಯಾವ ಕಂಪನಿಯೂ ಬಿಡದ ಹಾಡನ್ನು ಕಛೇರಿಯಲ್ಲೋ ಭಜನೆಯಲ್ಲೋ ಜಾತ್ರೆಯಲ್ಲೋ ಯಾರೋ ಮುದ್ರಿಸಿಕೊಂಡರೆ ಅದು ಬೂಟ್‌ಲೆಗ್. ನಕಲಿಯನ್ನು ಸುಟ್ಟರೂ ಅಸಲಿ ಉಳಿದಿರುತ್ತದೆ. ಬೂಟ್‌ಲೆಗ್ಗನ್ನು ಸುಟ್ಟರೆ ಹಾಡೇ ಹೋಗುತ್ತದೆ.

ಇದು ಹೊಸ ಚಟವಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾದಲ್ಲಿ ಲಯನೆಲ್ ಮೇಪಲ್ಸನ್ ಎಂಬ ಗ್ರಂಥಪಾಲಕ ಇದ್ದ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಎಡಿಸನ್ನನ ಯಂತ್ರ ಇಟ್ಟುಕೊಂಡು, ನಡೆಯುತ್ತಿದ್ದ ಪ್ರಯೋಗಗಳ ತುಣುಕುಗಳನ್ನು ಮೇಣದ ಉರುಳೆಗಳ ಮೇಲೆ ಹಿಡಿದ. ದನಿ ಕೀಚಲು, ಗರಗರ ಸದ್ದು. ಆದರೂ ಆ ಕಾಲದ ಎಷ್ಟೋ ಗಾಯಕರು ರಂಗದ ಮೇಲೆ ಹೇಗೆ ಹಾಡುತ್ತಿದ್ದರು ಎಂದು ಕೇಳಬೇಕಾದರೆ ಇವತ್ತಿಗೂ ಆ ಉರುಳೆಗಳೇ ಗತಿ. ಕಲ್ಕತ್ತಾದಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದ್ದು 1902ರಲ್ಲಿ. ಅಂದರೆ ಕಂಪನಿ ತಟ್ಟೆ ನಮ್ಮ ದೇಶಕ್ಕೆ ಕಾಲಿಡುವ ಹೊತ್ತಿಗೆ ಕದ್ದು ಮುದ್ರಿಸುವ ಅಭ್ಯಾಸವೂ ಹುಟ್ಟಿತ್ತು.

ನಮ್ಮ ಊರು ಕೂಡಿಡುವ ಊರು

ನಾವು ವಿಜಯಪುರದವರು ಈ ವಿಷಯದಲ್ಲಿ ಯಾರಿಂದಲೂ ಪಾಠ ಹೇಳಿಸಿಕೊಳ್ಳಬೇಕಾಗಿಲ್ಲ. ವಕೀಲಿ ಮಾಡಲು ಈ ಊರಿಗೆ ಬಂದ ಫ.ಗು. ಹಳಕಟ್ಟಿ ಮನೆಮನೆ ತಿರುಗಿ ತಾಳೆಗರಿ ಕೂಡಿಹಾಕಿದರು. ಜಗಲಿಯ ಮೇಲೆ ಪೂಜೆಗೆ ಇಟ್ಟಿದ್ದ, ಯಾರೂ ಬಿಚ್ಚಿ ಓದದ ಕಟ್ಟುಗಳವು. 1923ರಲ್ಲಿ 'ವಚನಶಾಸ್ತ್ರಸಾರ' ಹೊರಬಂತು. ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 'ಶಿವಾನುಭವ' ಪತ್ರಿಕೆ ನಡೆಸಿದರು. ಇವತ್ತು ವೇದಿಕೆಯ ಮೇಲೆ ನಿಂತು ವಚನ ಹೇಳುವ ಪ್ರತಿಯೊಬ್ಬ ಮಂತ್ರಿಯೂ ಆ ಮನುಷ್ಯನ ಸಾಲದಲ್ಲಿದ್ದಾನೆ.

ಅತ್ತ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಹೊರತಂದರು. ಲಾವಣಿಗಳನ್ನೂ ಬಿಡಲಿಲ್ಲ. ಓದು ಬಾರದ ಅವ್ವಂದಿರ ಹಾಡು ಪುಸ್ತಕವಾಗಬಹುದು ಎಂದು ಕನ್ನಡಕ್ಕೆ ತೋರಿಸಿಕೊಟ್ಟವರಲ್ಲಿ ನಮ್ಮ ಜಿಲ್ಲೆಯವರು ಮುಂದೆ ನಿಲ್ಲುತ್ತಾರೆ.

ಆದರೆ ಒಂದು ಕೊರತೆ ಉಳಿಯಿತು. ಅವರು ಮಾತನ್ನು ಉಳಿಸಿದರು, ಧಾಟಿಯನ್ನು ಉಳಿಸಲಾಗಲಿಲ್ಲ. ಅವರ ಕೈಯಲ್ಲಿ ಪೆನ್ನು, ಕಾಗದ ಇತ್ತು. ಯಂತ್ರ ಇರಲಿಲ್ಲ.

ಧಾಟಿ ಹೋದರೆ ಏನಾಗುತ್ತದೆ? ಟಿಕೋಟಾ ಕಡೆ ಬಸ್ಸಿನಲ್ಲಿ ಹೋಗುವವರು ತೊರವಿ ದಾಟುವಾಗ ಒಮ್ಮೆ ಕಿಟಕಿಯಿಂದ ನೋಡಿ. ಕುಮಾರ ವಾಲ್ಮೀಕಿ ಕನ್ನಡದಲ್ಲಿ ರಾಮಾಯಣ ಬರೆದ ಊರು ಅದು. ಅದರ ಮಗ್ಗುಲಲ್ಲೇ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ನವರಸಪುರ ಎಂಬ ಊರು ಕಟ್ಟಲು ಹೊರಟ. ಸಂಗೀತದ ಹುಚ್ಚಿನ ಅರಸ. 'ಕಿತಾಬ್-ಎ-ನವರಸ್' ಎಂಬ ಹೆಸರಲ್ಲಿ ದಖನಿ ಭಾಷೆಯಲ್ಲಿ ತಾನೇ ಹಾಡು ಕಟ್ಟಿದ. ಸರಸ್ವತಿಯ ಮೇಲೆ, ಗಣಪತಿಯ ಮೇಲೆ, ಬಂದೇನವಾಜರ ಮೇಲೆ ಹಾಡಿದ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಅದರ ಮೇಲೂ ಹಾಡಿದ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ನವರಸಪುರವನ್ನು ಹಾಳುಗೆಡವಿತು. ಹಾಡುಗಳ ಮಾತು ಹಸ್ತಪ್ರತಿಗಳಲ್ಲಿ ಉಳಿಯಿತು. ಯಾವ ಹಾಡು ಯಾವ ರಾಗದ್ದು ಎಂಬ ಹೆಸರೂ ಉಳಿಯಿತು. ಅರಸ ಅದನ್ನು ಹೇಗೆ ಹಾಡಿದ? ಯಾರಿಗೂ ಗೊತ್ತಿಲ್ಲ. ಖಜಾನೆ, ಆಸ್ಥಾನ, ಲಿಪಿಕಾರರು ಎಲ್ಲ ಇದ್ದ ಸುಲ್ತಾನನ ಧಾಟಿಗೇ ಈ ಗತಿ ಬಂದಿತು. ಕೂಲಿ ಮಾಡುವ ತತ್ವಪದಕಾರನ ಧಾಟಿಯನ್ನು ಯಾರು ಕಾಯುತ್ತಾರೆ?

ಕಂಪನಿ ಏನು ಬಿಟ್ಟಿತು, ಏನನ್ನು ಬಿಟ್ಟುಬಿಟ್ಟಿತು

ಈಗ ಕನ್ನಡದ ಪ್ರಶ್ನೆಗೆ ಬರೋಣ. ಯಾವ ಹಾಡು ತಟ್ಟೆಯಾಗಬೇಕು, ಯಾವುದು ಆಗಬಾರದು ಎಂದು ತೀರ್ಮಾನಿಸಿದವರು ಯಾರು? ಜನ ಅಲ್ಲ, ಹಾಡುವವರೂ ಅಲ್ಲ. ಎಷ್ಟು ತಟ್ಟೆ ಮಾರಾಟವಾದೀತು ಎಂದು ಲೆಕ್ಕ ಹಾಕುವವರು. ನಮ್ಮ ಈ ಭಾಗ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ನಮ್ಮ ಕಲಾವಿದರ ದಾರಿಯೂ ಮುಂಬೈ, ಪುಣೆ ಕಡೆಗೇ ಇತ್ತು.

ಅಮೀರಬಾಯಿಯವರನ್ನು ನೋಡಿ. ಹುಟ್ಟಿದ್ದು ಬೀಳಗಿಯಲ್ಲಿ, ಅದು ಆಗ ನಮ್ಮ ಜಿಲ್ಲೆ. ಅಕ್ಕ ಗೋಹರಬಾಯಿಯೂ ಗಾಯಕಿ. ಅಮೀರಬಾಯಿ ಮುಂಬೈಗೆ ಹೋಗಿ 'ಕಿಸ್ಮತ್' ಚಿತ್ರದ ಹಾಡುಗಳಿಂದ 1943ರಲ್ಲಿ ದೇಶಕ್ಕೆಲ್ಲ ಹೆಸರಾದರು. ತಮ್ಮ ಹೆಸರಿನ ಮುಂದಿನ 'ಕರ್ನಾಟಕಿ'ಯನ್ನು ಮಾತ್ರ 1965ರಲ್ಲಿ ಕಣ್ಣು ಮುಚ್ಚುವವರೆಗೆ ಬಿಡಲಿಲ್ಲ. ಅವರ ಹಿಂದಿ ಹಾಡು ಹುಡುಕಿದರೆ ಸಾಲುಸಾಲಾಗಿ ಸಿಗುತ್ತವೆ. ಕನ್ನಡದಲ್ಲಿ ಹಾಡಿದ್ದು? ಹುಡುಕಿ ಹುಡುಕಿ ಕಣ್ಣು ನೋಯುತ್ತದೆ. ಹೆಸರಲ್ಲೇ ಕರ್ನಾಟಕವನ್ನು ಹೊತ್ತ ಹೆಣ್ಣುಮಗಳ ಕನ್ನಡದ ದನಿ ನಮಗೇ ಅಪರೂಪ! ಇದಕ್ಕೆ ಮುಂಬೈಯವರನ್ನು ಬೈದು ಸುಮ್ಮನಾದರೆ ಅನ್ಯಾಯ. ನಾವು ಕೇಳಲಿಲ್ಲ, ಅವರು ಒತ್ತಲಿಲ್ಲ. ರಹಮತ್ ತರೀಕೆರೆಯವರು ಬೆನ್ನು ಹತ್ತಿ ಹೋಗಿ ಪುಸ್ತಕ ಬರೆಯದಿದ್ದರೆ ನಮ್ಮಲ್ಲಿ ಎಷ್ಟು ಜನಕ್ಕೆ ಆಕೆಯ ಬದುಕು ಗೊತ್ತಿರುತ್ತಿತ್ತು?

ಇನ್ನು ಹಿಂದೂಸ್ಥಾನಿ ಗಾಯಕರು. ಮಲ್ಲಿಕಾರ್ಜುನ ಮನಸೂರರ ತಟ್ಟೆಗಳು 1930ರ ದಶಕದಲ್ಲೇ ಬಂದವು. ಆದರೆ 78ರ ವೇಗದ ತಟ್ಟೆಯ ಒಂದು ಬದಿಗೆ ಹಿಡಿಸುವುದು ಮೂರು ನಿಮಿಷ ಚಿಲ್ಲರೆ. ಬೈಠಕ್ಕಿನಲ್ಲಿ ಒಂದು ಗಂಟೆ ಅರಳುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದೆಂದರೆ ಜೋಳದ ಹೊಲವನ್ನು ಹಿಡಿ ಕಾಳಿನಲ್ಲಿ ತೋರಿಸಿದಂತೆ. ಆಮೇಲೆ ದೊಡ್ಡ ತಟ್ಟೆ ಬಂದರೂ ಬದಿಗೆ ಇಪ್ಪತ್ತು ನಿಮಿಷದ ಆಚೀಚೆ. ಮನಸೂರರು ಬೇರೆಯವರು ಮುಟ್ಟದ ಅಪರೂಪದ ರಾಗಗಳಿಗೆ ಹೆಸರಾದವರು. ಮನಸ್ಸು ಬಂದ ರಾತ್ರಿ, ತಿಳಿದವರು ಮುಂದೆ ಕುಳಿತಾಗ, ಯಾವ ರಾಗ ಹೊರಬರುತ್ತಿತ್ತೋ ಯಾರಿಗೂ ಹೇಳಲು ಬರುತ್ತಿರಲಿಲ್ಲ. ಅದನ್ನು ಹಿಡಿದದ್ದು ಕಂಪನಿಯಲ್ಲ. ಮುಂದಿನ ಸಾಲಿನಲ್ಲಿ ಮಡಿಲಲ್ಲಿ ಟೇಪ್ ಇಟ್ಟುಕೊಂಡು ಕುಳಿತ ಅಭಿಮಾನಿ ಹಿಡಿದ. ಆಕಾಶವಾಣಿ ಹಿಡಿಯಿತು. ಧಾರವಾಡ, ಪುಣೆ, ಮುಂಬೈ ನಡುವೆ ಈ ಟೇಪುಗಳು ಕೈಯಿಂದ ಕೈಗೆ ಓಡಾಡಿದವು. 'ನನ್ನ ಹತ್ರ ಮನಸೂರರ ಒಂದು ರಾತ್ರಿ ಐತಿ, ನಿಮ್ಮ ಹತ್ರ ರಾಜಗುರುಗಳದ್ದು ಏನೈತಿ?' ಹೀಗಿತ್ತು ಆ ವ್ಯಾಪಾರ. ಬಸವರಾಜ ರಾಜಗುರುಗಳದ್ದಂತೂ ಕಂಪನಿ ಬಿಟ್ಟದ್ದಕ್ಕಿಂತ ಅಭಿಮಾನಿಗಳ ಕಪಾಟಿನಲ್ಲಿ ಇದ್ದದ್ದೇ ದೊಡ್ಡ ಆಸ್ತಿ.

1991ರಲ್ಲಿ ರಾಜಗುರು ಹೋದರು. 1992ರ ಜನವರಿಯಲ್ಲಿ ಕುಮಾರ ಗಂಧರ್ವ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮನಸೂರ. ಕನ್ನಡ ನೆಲ ಎರಡು ವರ್ಷದೊಳಗೆ ಮೂವರನ್ನು ಕಳೆದುಕೊಂಡಿತು. ಆಮೇಲೆ ಜನ ಕಪಾಟು ತೆರೆದು ನೋಡಿದರು.

ಈ ಕಪಾಟುಗಳಲ್ಲಿ ಕನ್ನಡಕ್ಕೆ ಸಂಬಂಧಪಟ್ಟ ಒಂದು ಸಂಗತಿ ಇದೆ. ಪುಣೆ, ಮುಂಬೈ ಕಛೇರಿಯಲ್ಲಿ ಇವರು ಖಯಾಲು ಹಾಡಿ, ಕೊನೆಗೆ ಅಲ್ಲಿನ ಜನಕ್ಕೆ ಬೇಕಾದ್ದನ್ನು ಹಾಡಿ ಏಳುತ್ತಿದ್ದರು. ನಮ್ಮ ಮಠದ ಅಂಗಳಕ್ಕೆ, ಜಾತ್ರೆಯ ಕಟ್ಟೆಗೆ ಬಂದಾಗ ವಚನ ಹಾಡುತ್ತಿದ್ದರು, ದಾಸರ ಪದ ಹಾಡುತ್ತಿದ್ದರು. ಮುದ್ರಿಸಲು ಅಲ್ಲಿ ಕಂಪನಿಯ ಗಾಡಿ ಇರುತ್ತಿರಲಿಲ್ಲ. ಇದ್ದದ್ದು ಮೈಕ್ ಸೆಟ್ಟಿನವನ ಟೇಪು. ಹಾಗಾಗಿ ದೊಡ್ಡ ಗಾಯಕರ ಕನ್ನಡದ ಭಾಗ ಎಷ್ಟೋ ಸಲ ಸಣ್ಣ ಊರಿನ ಕಪಾಟಿನಲ್ಲೇ ಉಳಿಯಿತು. ಅದು ಹೋದರೆ ಮುಂದಿನವರು ಏನು ಹೇಳುತ್ತಾರೆ? 'ಇವರೆಲ್ಲ ಕರ್ನಾಟಕದವರು ಹೌದು, ಆದರೆ ಹಾಡಿದ್ದು ಬೇರೆ ಭಾಷೆಯಲ್ಲಿ' ಎನ್ನುತ್ತಾರೆ. ಸಾಕ್ಷಿ ನಾವೇ ಅಳಿಸಿರುವಾಗ ಅವರ ಬಾಯಿ ಹೇಗೆ ಮುಚ್ಚಿಸುತ್ತೀರಿ?

ಕುಮಾರ ಗಂಧರ್ವರ ಉದಾಹರಣೆ ನನ್ನನ್ನು ಬಹಳ ಚುಚ್ಚುತ್ತದೆ. ಬೆಳಗಾವಿ ಹತ್ತಿರದ ಸುಳೇಭಾವಿಯ ಶಿವಪುತ್ರ ಕೋಂಕಾಳಿಮಠ ಕ್ಷಯರೋಗದಿಂದ ಮಧ್ಯಪ್ರದೇಶದ ದೇವಾಸದಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದಾಗ, ಕಿಟಕಿಯಾಚೆ ಹಾದುಹೋಗುವ ಮಾಳವಾದ ಜನರ ಹಾಡು ಕೇಳಿದರು. ಎದ್ದ ಮೇಲೆ ಆ ಜಾನಪದ ಧಾಟಿಗಳನ್ನು ಕೂಡಿಹಾಕಿದರು, ಅವುಗಳಿಂದ ಹೊಸ ರಾಗಗಳನ್ನೇ ಹೊರತೆಗೆದರು. ಮಾಳವಾದ ಹಾಡು ಉಳಿಸಲು ನಮ್ಮ ನೆಲ ಒಬ್ಬ ಮಗನನ್ನು ಕೊಟ್ಟಿತು. ನಮ್ಮ ಡೊಳ್ಳಿನ ಹಾಡು, ಗೀಗೀ ಪದ, ಮೊಹರಮ್ಮಿನ ರಿವಾಯತು, ಭಜನೆಯ ತತ್ವಪದಗಳಿಗೆ ಯಾರ ಕಿಟಕಿ ತೆರೆದಿದೆ?

ಬಬಲೇಶ್ವರದ ಡಬ್ಬಿ

ನನ್ನ ಕಥೆಗೆ ಮರಳುತ್ತೇನೆ. ಎರಡು ವರ್ಷ ಹುಡುಕಿದೆ. 2008ರಲ್ಲಿ ಬಬಲೇಶ್ವರದಲ್ಲಿ, ಮೊದಲು ಮೈಕ್ ಸೆಟ್ ನಡೆಸುತ್ತಿದ್ದ ಒಬ್ಬ ಹಿರಿಯರು ಸಿಕ್ಕರು. ಮದುವೆ, ಭಜನೆ, ನಾಟಕ ಎಲ್ಲಿ ಕರೆದರೂ ಹೋಗುತ್ತಿದ್ದವರು. ಆಂಪ್ಲಿಫೈಯರಿನಿಂದ ನೇರ ಒಂದು ತಂತಿ ಎಳೆದು ಟೇಪಿಗೆ ಹಾಕಿ ಬಿಡುತ್ತಿದ್ದರಂತೆ. ಟ್ರಂಕಿನ ಕೆಳಗಿಂದ ಬಿಸ್ಕೀಟಿನ ತಗಡಿನ ಡಬ್ಬಿ ತೆಗೆದರು. ಹನ್ನೊಂದು ಕ್ಯಾಸೆಟ್ಟು. 'ಟೇಪ್ ಅದಾವ ತಮ್ಮಾ, ಹಾಡ್ತಾವೊ ಇಲ್ಲೊ ಗೊತ್ತಿಲ್ಲ. ಒಯ್ಯಿ, ಆದ್ರ ಹೊಳ್ಳಿ ತಂದು ಕೊಡಬೇಕು' ಎಂದರು. ಒಂದರ ಮೇಲೆ 'ಭಜನಿ' ಅಂತಷ್ಟೇ ಬರೆದಿತ್ತು. ಊರಿಲ್ಲ, ತಾರೀಖಿಲ್ಲ, ಹೆಸರಿಲ್ಲ. ಹಾಕಿದೆ. ಮೊದಲು ಗರಗರ ಸದ್ದು, ಆಮೇಲೆ ಏಕತಾರಿ, ಆಮೇಲೆ ಅದೇ ದನಿ.

ಮಗಳಿಗೆ ಹೇಳಿ ಕಳಿಸಿದೆ. ಬಂದಳು. ನಾನು ಅಳಿಸಿದ್ದನ್ನು ಅವತ್ತು ಒಪ್ಪಿಕೊಂಡೆ. ಆಕೆ ಏನೂ ಅನ್ನಲಿಲ್ಲ, ಹಾಡು ಕೇಳುತ್ತ ಕುಳಿತಳು. ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ, ತಿದ್ದಿದಳು! 'ಈ ಪದದ ಕೊನೀ ನುಡಿ ಅಪ್ಪ ಮುಂದ ಬ್ಯಾರೆ ಮಾಡಿದ್ದ' ಎಂದಳು. ಆ ತಿದ್ದಿದ ನುಡಿಯನ್ನು ತಾನೇ ಹಾಡಿ ತೋರಿಸಿದಳು. ಟೇಪಿನಲ್ಲಿ ಇಲ್ಲದ ಹಾಡು ಆಕೆಯ ಬಾಯಲ್ಲಿತ್ತು. ಎರಡು ವರ್ಷ ನಾನು ಟೇಪು ಹುಡುಕಿ ಊರೂರು ತಿರುಗಿದೆ. ಆಕೆಯನ್ನೇ ಒಂದು ಮಾತು ಕೇಳಲಿಲ್ಲ. ಎಂಥ ಸಂಗ್ರಾಹಕ ನೋಡಿ!

ಹೋಗುವಾಗ ಇನ್ನೊಂದು ಮಾತು ಹೇಳಿದಳು: 'ಇದರಾಗ ಎರಡು ಪದ ಗುರುಮಗನಿಗಷ್ಟ ಹೇಳೋವು. ಅಪ್ಪ ಅವತ್ತು ಯಾಕ ಹಾಡಿದ್ನೊ ಏನೊ. ಅವನ್ನ ಹೊರಗ ಬಿಡಬ್ಯಾಡ್ರಿ ಅಣ್ಣಾರ. ಅಪ್ಪನ ಹೆಸರೂ ಹಾಕಬ್ಯಾಡ್ರಿ.' ಆಗಲಿ ಅಂದೆ. ಅದಕ್ಕೇ ಇಷ್ಟು ಹೊತ್ತು ನಾನು ಆ ಹಿರಿಯರ ಹೆಸರು ಹೇಳಿಲ್ಲ. ನೀವು ಕೇಳಿದರೂ ಹೇಳುವುದಿಲ್ಲ.

ಹಿಡಿದವನು ಒಡೆಯನಲ್ಲ

ಇಲ್ಲಿಗೆ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬೇಕು. ಇದೆಲ್ಲ ಕಳ್ಳತನ ಅಲ್ಲವೆ? ಕೇಳಬೇಕಾದ ಪ್ರಶ್ನೆಯೇ.

ಕಾನೂನು ಹೇಳುತ್ತದೆ: ಹಾಡುವವನ ಅನುಮತಿಯಿಲ್ಲದೆ ಅವನ ಪ್ರದರ್ಶನವನ್ನು ಮುದ್ರಿಸುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿ ಬಂದಾಗ ಹಾಡುವವರಿಗೆ, ನುಡಿಸುವವರಿಗೆ ಈ ಹಕ್ಕು ಸಿಕ್ಕಿತು. ಮೊದಲು 25 ವರ್ಷ ಇದ್ದದ್ದು 1999ರಲ್ಲಿ 50 ವರ್ಷ ಆಯಿತು. ಅದೇ ಕಾಯಿದೆಯಲ್ಲಿ ಒಂದು ವಿನಾಯಿತಿಯೂ ಇದೆ: ಕೇವಲ ತನ್ನ ಖಾಸಗಿ ಬಳಕೆಗೆ ಮುದ್ರಿಸಿಕೊಂಡರೆ ತಪ್ಪಿಲ್ಲ. ಮಾರಿದರೆ, ಊರಿಗೆಲ್ಲ ಹಂಚಿದರೆ ತಪ್ಪು. ಹಾಡು ಅವನೇ ಕಟ್ಟಿದ್ದಾದರೆ ಮಾತಿನ ಮೇಲೂ ಧಾಟಿಯ ಮೇಲೂ ಅವನ ಹಕ್ಕು ಬೇರೆ ಇದೆ. ಅದು ಅವನು ತೀರಿಕೊಂಡ ಮೇಲೂ 60 ವರ್ಷ ಅವನ ವಾರಸುದಾರರದ್ದು.

ಕಾನೂನಿಗಿಂತ ದೊಡ್ಡದು ಮರ್ಯಾದೆ. ಸುರಬಹಾರ ವಾದಕಿ ಅನ್ನಪೂರ್ಣಾದೇವಿ ಸಾರ್ವಜನಿಕ ಕಛೇರಿ ಬಿಟ್ಟು, ಮುಂಬೈಯ ಮನೆಯಲ್ಲಿ ಶಿಷ್ಯರಿಗೆ ಪಾಠ ಹೇಳುತ್ತ 2018ರಲ್ಲಿ ತೀರಿಕೊಂಡರು. ತಾವಾಗಿ ಒಂದೂ ರೆಕಾರ್ಡು ಹೊರತರಲಿಲ್ಲ. ಇವತ್ತು ನಾವು ಕೇಳುವ ಅವರ ವಾದನ ಯಾರೋ ಹಿಡಿದ ಕೆಲವೇ ಟೇಪುಗಳದ್ದು. ಕೇಳಿದಾಗ ಕಣ್ಣು ತುಂಬುತ್ತದೆ. ಆದರೆ ಆಕೆ ಬೇಡ ಅಂದಿದ್ದರಲ್ಲ? ಆ ಮುಳ್ಳು ಕೇಳುವವನ ಎದೆಯಲ್ಲಿ ಇರಲೇಬೇಕು.

ಇನ್ನೊಂದು ತುದಿಯಲ್ಲಿ ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ತಂಡ ಇತ್ತು. ಕದ್ದು ಮುದ್ರಿಸುವವರನ್ನು ಓಡಿಸಿ ಸಾಕಾಗಿ, 1984ರಲ್ಲಿ ಅವರಿಗೇ ಒಂದು ಜಾಗ ಬಿಟ್ಟುಕೊಟ್ಟಿತು. ಮುದ್ರಿಸಿಕೊಳ್ಳಿ, ಒಬ್ಬರಿಗೊಬ್ಬರು ಕೊಡಿ, ಮಾರಬೇಡಿ. ಇಷ್ಟೇ ನಿಯಮ. ಆ ತಂಡದ ಸಾವಿರಾರು ರಾತ್ರಿಗಳು ಹಾಗೆ ಉಳಿದವು.

ಈ ಎರಡು ತುದಿಗಳ ನಡುವೆ ನಮ್ಮ ದಾರಿ ಯಾವುದು? ಟೇಪ್ ಹಿಡಿದವನು ಹಾಡಿನ ಒಡೆಯನಲ್ಲ, ಕಾವಲುಗಾರ. ಕಾವಲುಗಾರ ಹೊಲದ ಫಸಲು ಮಾರುವಂತಿಲ್ಲ. ಕೀಲಿ ಹಾಕಿಕೊಂಡು ಕೊಳೆಸುವಂತೆಯೂ ಇಲ್ಲ. ಈ ಎರಡನೆಯ ತಪ್ಪನ್ನು ನಮ್ಮ ಸಂಗ್ರಾಹಕರು ಬಹಳ ಮಾಡುತ್ತಾರೆ. 'ನನ್ನ ಹತ್ರ ಮಾತ್ರ ಐತಿ' ಎಂಬ ಜಂಬದಲ್ಲಿ ಯಾರಿಗೂ ಕೇಳಿಸುವುದಿಲ್ಲ. ಒಂದು ದಿನ ಸಂಗ್ರಾಹಕ ಸಾಯುತ್ತಾನೆ. ಸೊಸೆ ಮನೆ ಸ್ವಚ್ಛ ಮಾಡುತ್ತಾಳೆ. ಅಲ್ಲಿಗೆ ಮುಗಿಯಿತು. ತಾಳೆಗರಿಯನ್ನು ಪೂಜೆ ಮಾಡುತ್ತ ಹುಳ ಹಿಡಿಸಿದವರಿಗೂ ಇವರಿಗೂ ಏನು ವ್ಯತ್ಯಾಸ?

ಈ ಭಾನುವಾರ ಮಾಡುವ ಕೆಲಸ

ಭಾಷಣ ಕೇಳಿ ಎದ್ದುಹೋದರೆ ಪ್ರಯೋಜನವಿಲ್ಲ. ಕೆಲಸ ಹೇಳುತ್ತೇನೆ, ಬರೆದುಕೊಳ್ಳಿ.

ಮೊದಲನೆಯದು: ಊರಿಗೆ ಹೋದಾಗ ಟ್ರಂಕು, ಕಪಾಟು ತೆಗೆದು ನೋಡಿ. ಮನೆಯಲ್ಲೇ ಮುದ್ರಿಸಿದ ಕ್ಯಾಸೆಟ್ಟು ಸಿಕ್ಕರೆ ಅದರ ಬೆನ್ನಿನ ಎರಡು ಸಣ್ಣ ಪ್ಲಾಸ್ಟಿಕ್ ಬಿಲ್ಲೆಗಳನ್ನು ಮುರಿಯಿರಿ. ಮುರಿದರೆ ಅದರ ಮೇಲೆ ಕೈತಪ್ಪಿ ಮತ್ತೆ ಮುದ್ರಣವಾಗುವುದು ತಪ್ಪುತ್ತದೆ. 1995ರಲ್ಲಿ ನಾನು ಅಷ್ಟು ಮಾಡಿದ್ದರೆ ಸಾಕಿತ್ತು.

ಎರಡನೆಯದು: ಸಿಕ್ಕ ಕೂಡಲೆ ಯಾವುದೋ ಹಳೆ ಡೆಕ್ಕಿಗೆ ತುರುಕಬೇಡಿ. ಕ್ಯಾಸೆಟ್ಟಿನ ಟೇಪು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿಸಿದ ಕಾಂತೀಯ ಪುಡಿ. ನಮ್ಮ ಊರಿನ 40 ಡಿಗ್ರಿ ಬೇಸಿಗೆ, ಧೂಳು, ಮಳೆಗಾಲದ ತೇವ ಎಲ್ಲ ಉಂಡ ಅಂಟು ಸಡಿಲಾಗಿರುತ್ತದೆ. ಹೆಡ್ಡಿನ ಮೇಲೆ ಕಂದು ಪುಡಿ ಉದುರಿದರೆ ಉದುರಿದ್ದು ಹಾಡೇ. ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಬೇರೆ ಬೇಡದ ಕ್ಯಾಸೆಟ್ ಹಾಕಿ ಡೆಕ್ಕು ಟೇಪನ್ನು ತಿನ್ನುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಸಿ-120 ಇದ್ದರೆ ಇನ್ನೂ ಜೋಪಾನ, ಅದರ ಟೇಪು ಬಹಳ ತೆಳು, ಬೇಗ ಎಳೆದುಕೊಳ್ಳುತ್ತದೆ.

ಮೂರನೆಯದು: ಕಂಪ್ಯೂಟರಿಗೆ ಇಳಿಸುವಾಗ ಎಂಪಿ3 ಮಾಡಿ ಕೈತೊಳೆದುಕೊಳ್ಳಬೇಡಿ. ಮೂಲ ಪ್ರತಿಯನ್ನು ವೇವ್ ಕಡತವಾಗಿ, 24 ಬಿಟ್, 48 ಕಿಲೊಹರ್ಟ್ಸಿನಲ್ಲಿ ಇಡಿ. ಒಂದು ಸಿ-90ಗೆ ಸುಮಾರು ಒಂದೂವರೆ ಜಿಬಿ ಹಿಡಿಯುತ್ತದೆ, ಇವತ್ತಿನ ದಿನದಲ್ಲಿ ಅದೇನು ಹೆಚ್ಚಲ್ಲ. ಗರಗರ ಸದ್ದು ತೆಗೆಯುವ ಹುಮ್ಮಸ್ಸಿನಲ್ಲಿ ಮೂಲವನ್ನು ತಿದ್ದಬೇಡಿ, ತಿದ್ದುವುದಾದರೆ ಪ್ರತಿಯ ಮೇಲೆ ತಿದ್ದಿ. ಮೂರು ಪ್ರತಿ ಇರಲಿ, ಅದರಲ್ಲಿ ಒಂದು ಬೇರೆ ಊರಿನ ಮನೆಯಲ್ಲಿರಲಿ.

ನಾಲ್ಕನೆಯದು: ಬರೆದಿಡಿ. ಯಾರು ಹಾಡಿದ್ದು, ತಬಲಾ ಯಾರದು, ಯಾವ ಊರು, ಯಾವ ಹಬ್ಬ, ಯಾವ ವರ್ಷ, ಟೇಪು ಯಾರ ಕೈಯಿಂದ ಬಂತು. ಹೆಸರಿಲ್ಲದ ಟೇಪು ತಂದೆತಾಯಿ ಇಲ್ಲದ ಕೂಸು. ಈ ಮಾಹಿತಿ ಗೊತ್ತಿರುವ ಹಿರಿಯರು ಇನ್ನೂ ಇದ್ದಾರೆ. ಇನ್ನು ಹತ್ತು ವರ್ಷಕ್ಕೆ ಇರುವುದಿಲ್ಲ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಹಾಡಿದವರಿದ್ದರೆ ಅವರನ್ನು ಕೇಳಿ, ಇಲ್ಲದಿದ್ದರೆ ಮನೆಯವರನ್ನು ಕೇಳಿ. ಒಂದು ಪ್ರತಿ ಮೊದಲು ಅವರಿಗೆ ಕೊಡಿ. ಅವರು ಒಪ್ಪಿದರೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಂಥ ಕಡೆ ಇನ್ನೊಂದು ಪ್ರತಿ ಕೊಡಲು ಕೇಳಿ ನೋಡಿ. ಬೇಡ ಅಂದರೆ ಬಾಯಿ ಮುಚ್ಚಿಕೊಂಡು ಕಾಯ್ದಿಡಿ. ಮೊಬೈಲಿನಲ್ಲಿ ಹತ್ತು ಸಾವಿರ ಜನ ನೋಡಿದರು ಎಂಬ ಖುಷಿಗೆ ಯಾರದೋ ಅಪ್ಪನ ದನಿಯನ್ನು ಬೀದಿಗೆ ಎಳೆಯಬೇಡಿ.

ಗೆಳೆಯರೆ, 2014ರಲ್ಲಿ ಬಿಜಾಪುರ ಹೋಗಿ ವಿಜಯಪುರ ಆಯಿತು, ನಾವೆಲ್ಲ ಸಂತೋಷಪಟ್ಟೆವು. ಟಿಕೋಟಾ, ಬಬಲೇಶ್ವರ ತಾಲೂಕು ಕೇಂದ್ರಗಳಾದವು, ಆಗಲೂ ಪಟಾಕಿ ಹಾರಿಸಿದೆವು. ಬೋರ್ಡಿನ ಮೇಲೆ ಕನ್ನಡ ಬೇಕು, ಬ್ಯಾಂಕಿನಲ್ಲಿ ಕನ್ನಡ ಬೇಕು, ರೈಲು ನಿಲ್ದಾಣದಲ್ಲಿ ಕನ್ನಡ ಬೇಕು. ಅದಕ್ಕೆ ನಾನೂ ನಿಮ್ಮ ಜೊತೆ ಬೀದಿಗೆ ಬರುತ್ತೇನೆ. ಆದರೆ ಆ ಹೋರಾಟದಲ್ಲಿ ಎದುರಿಗೆ ಯಾರಾದರೊಬ್ಬ ಅಧಿಕಾರಿ ಇರುತ್ತಾನೆ, ಕೂಗಲು ಒಂದು ಬಾಗಿಲು ಇರುತ್ತದೆ. ನಾನು ಇವತ್ತು ಹೇಳಿದ ಕೆಲಸದಲ್ಲಿ ಎದುರಾಳಿ ಇಲ್ಲ. ಘೋಷಣೆಯೂ ಇಲ್ಲ, ಫೋಟೊ ಕೂಡ ಬರುವುದಿಲ್ಲ. ಯಾವ ಪರಭಾಷಿಕನೂ ಬಂದು ನನ್ನ ಕ್ಯಾಸೆಟ್ಟು ಅಳಿಸಲಿಲ್ಲ. ಅಚ್ಚ ಕನ್ನಡಿಗನಾದ ನಾನೇ ಅಳಿಸಿದೆ.

ಬಬಲೇಶ್ವರದ ಹನ್ನೊಂದು ಕ್ಯಾಸೆಟ್ಟನ್ನೂ ನಾನು ಹೊಳ್ಳಿ ಕೊಟ್ಟೆ. ಮಾತು ಕೊಟ್ಟಿದ್ದೆನಲ್ಲ. ಮಗಳಿಗೆ ಅಪ್ಪನ ದನಿಯ ಪ್ರತಿ ಕೊಟ್ಟೆ. ಮೊಮ್ಮಗಳು ಅಜ್ಜನನ್ನು ಕೇಳಿದಳು. ಈಗ ಆ ಹುಡುಗಿ ಅದರಲ್ಲಿನ ಮೂರು ಪದ ಹಾಡುತ್ತಾಳೆ, ಕೊನೆಯ ನುಡಿಯನ್ನು ಅವ್ವ ತಿದ್ದಿದ ಹಾಗೆ.

ಊರಿಗೆ ಹೋಗಿ, ಟ್ರಂಕು ತೆಗೆಯಿರಿ.